ಚೌಕಟ್ಟಿನೊಳಗಿನವರು ಕದಲಿದಾಗ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರಿಗೆ ರಾಜಾ ರವಿವರ್ಮನ ಆ ಚಿತ್ರ ನೆನಪಿರುತ್ತದೆ. ಹನ್ನೊಂದು ಹೆಂಗಸರು ಒತ್ತೊತ್ತಾಗಿ ಸೇರಿದ್ದಾರೆ. ಒಬ್ಬೊಬ್ಬಳದೂ ಒಂದೊಂದು ಸೀಮೆಯ ಉಡುಗೆ, ಒಂದೊಂದು ಬಗೆಯ ಒಡವೆ. ಒಬ್ಬಳ ಕೈಯಲ್ಲಿ ವೀಣೆ. ‘ಗ್ಯಾಲಕ್ಸಿ ಆಫ್ ಮ್ಯೂಸಿಶಿಯನ್ಸ್’ ಎಂದು ಹೆಸರು, 1889ರ ಸುಮಾರಿನದು. ಜರಿಯ ಹೊಳಪು, ರೇಷ್ಮೆಯ ಮಡಿಕೆ ಕೈಗೆ ಸಿಗುವಂತಿವೆ. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಅದರ ಮುಂದೆ ನಿಂತಿದ್ದೆ. ಅಜ್ಜಿ ಸಂಗೀತ ಕಲಿತವರು. ತುಸು ಹೊತ್ತು ನೋಡಿ, “ಇವರು ಸೇರಿ ನುಡಿಸ್ತಾ ಇಲ್ಲ ಕಣೇ, ಸೇರಿ ಕೂತಿದಾರೆ ಅಷ್ಟೇ” ಎಂದರು.

ಆ ಮಾತು ತಲೆಯಲ್ಲಿ ಉಳಿಯಿತು. ಕಛೇರಿಯಲ್ಲಿ ಹಾಡುವವರು ಪಕ್ಕವಾದ್ಯದವರ ಮುಖ ನೋಡುತ್ತಾರೆ, ತೊಡೆಯ ಮೇಲೆ ತಾಳ ಹಾಕುತ್ತಾರೆ, ಎಲ್ಲಿ ನಿಲ್ಲಿಸಬೇಕೆಂದು ಕಣ್ಣಲ್ಲೇ ಕೇಳುತ್ತಾರೆ. ಚಿತ್ರದ ಹನ್ನೊಂದು ಮಂದಿ ಹಾಗಲ್ಲ. ಅವರು ಕೂತಿರುವುದು ನೋಡುವವರಿಗಾಗಿ. ‘ಈಕೆ ಇಂಥ ನಾಡಿನವಳು’ ಎಂದು ಗುರುತು ಹಿಡಿಯಲು ಬೇಕಾದಷ್ಟು ಮಾತ್ರ ಅವರಲ್ಲಿದೆ. 1893ರಲ್ಲಿ ವಿವೇಕಾನಂದರು ಮಾತನಾಡಿದ ಅದೇ ಷಿಕಾಗೊಗೆ, ಅಲ್ಲಿನ ವಿಶ್ವ ಪ್ರದರ್ಶನಕ್ಕೆ, ರವಿವರ್ಮ ಹತ್ತು ಚಿತ್ರಗಳನ್ನು ಕಳಿಸಿ ಬಹುಮಾನ ಪಡೆದ. ಅವೂ ಭಾರತದ ಬೇರೆ ಬೇರೆ ಸಮುದಾಯದ ಹೆಣ್ಣುಗಳ ಮಾದರಿಗಳೇ.

2003ರಲ್ಲಿ ಮುಂಬೈಯ ಕಲಾವಿದೆ ನಳಿನಿ ಮಲಾನಿ ಮೈಸೂರಿನ ಈ ಚಿತ್ರವನ್ನೇ ತೆಗೆದುಕೊಂಡು ವಿಡಿಯೊ ಮಾಡಿದರು. ಹೆಸರು ‘ಯೂನಿಟಿ ಇನ್ ಡೈವರ್ಸಿಟಿ’. ಗುಜರಾತಿನ ಹಿಂಸಾಚಾರ ನಡೆದು ಒಂದು ವರ್ಷವಾಗಿತ್ತು. ಮಧ್ಯಮವರ್ಗದ ಮನೆಯ ಹಜಾರದಂತೆ ಸಿದ್ಧಪಡಿಸಿದ ಕೋಣೆಯ ಗೋಡೆಯ ಮೇಲೆ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ, ನಮ್ಮೆಲ್ಲರಿಗೂ ಪರಿಚಿತವಾದ ಆ ಗಾನಗೋಷ್ಠಿ. ಆದರೆ ಅದು ನಿಂತಿಲ್ಲ. ಗುಂಡಿನ ಸದ್ದು ಸಂಗೀತವನ್ನು ಕಡಿಯುತ್ತದೆ. ನೂರ ಹದಿನಾಲ್ಕು ವರ್ಷ ಚೆಂದವಾಗಿ ಕೂತಿದ್ದವರ ಮೇಲೆ ಹೊರಗಿನ ಹೊತ್ತು ಬಂದು ಎರಗುತ್ತದೆ. ಏಳೆಂಟು ನಿಮಿಷದ ಕೆಲಸ. ಅಜ್ಜಿ ಹೇಳಿದ್ದು ನನಗೆ ಪೂರ್ತಿ ಅರ್ಥವಾದದ್ದು ಆ ಏಳೆಂಟು ನಿಮಿಷದಲ್ಲಿ.

ಒಂದು ಪಂಗಡವನ್ನು, ಒಂದು ನಾಡನ್ನು ಅಚ್ಚಿಗೆ ಹೊಯ್ಯಬೇಕಾದರೆ ಮೊದಲು ಅದರಿಂದ ಹೊತ್ತನ್ನು ಕಿತ್ತುಕೊಳ್ಳಬೇಕು. ನಿನ್ನೆ ಏನಾಯಿತು, ನಾಳೆ ಏನಾಗುತ್ತದೆ ಎನ್ನುವುದು ಅವರಿಗೆ ಇರಬಾರದು. ಅಚ್ಚು ನಿಲ್ಲುವುದು ಆ ಆಧಾರದ ಮೇಲೆ. ಹೀಗೆ ಅಚ್ಚಾದ ಚಿತ್ರಗಳಿಗೆ ಹೊತ್ತನ್ನು ಮರಳಿಸಿದ ಕೆಲವು ವಿಡಿಯೊ ಕಲಾವಿದರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಪಶ್ಚಿಮ ಪೂರ್ವವನ್ನು ಹೀಗೆ ಅಚ್ಚಿಗೆ ಹೊಯ್ದದ್ದನ್ನು ಕುರಿತು ಎಡ್ವರ್ಡ್ ಸೈದ್ 1978ರಲ್ಲಿ ‘ಓರಿಯಂಟಲಿಸಂ’ ಪ್ರಕಟಿಸಿದಾಗ ಮುಖಪುಟಕ್ಕೆ ಬಂದದ್ದು ಫ್ರಾನ್ಸಿನ ಝಾಂ-ಲಿಯೋನ್ ಜೆರೋಮ್‌ನ ‘ಹಾವಾಡಿಗ’. 1879ರ ಆಸುಪಾಸಿನ ಆ ಚಿತ್ರ ಈಗ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕ್ಲಾರ್ಕ್ ಕಲಾಸಂಸ್ಥೆಯಲ್ಲಿದೆ. ಬೆತ್ತಲೆ ಹುಡುಗನೊಬ್ಬ ಮೈಗೆ ಹಾವು ಸುತ್ತಿಕೊಂಡು ನಮಗೆ ಬೆನ್ನು ಮಾಡಿ ನಿಂತಿದ್ದಾನೆ. ಎದುರಿಗೆ ಗೋಡೆಗೊರಗಿ ಕೂತ ಗಂಡಸರ ಸಾಲು, ಅವರ ಹಿಂದೆ ನೀಲಿ ಹಂಚಿನ ಗೋಡೆ. ಹಂಚಿನ ಒಂದೊಂದು ಹೂಬಳ್ಳಿಯನ್ನೂ ಜೆರೋಮ್ ಎಷ್ಟು ನಿಖರವಾಗಿ ಬರೆದಿದ್ದಾನೆಂದರೆ ಉಳಿದದ್ದೂ ನಿಜವಿರಬೇಕು ಎಂದು ಮನಸ್ಸು ಒಪ್ಪಿಬಿಡುತ್ತದೆ. ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ 1983ರ ಪ್ರಬಂಧವೊಂದರಲ್ಲಿ ಹಿಡಿದದ್ದು ಈ ಮೋಡಿಯನ್ನೇ. ಈ ಚಿತ್ರದಲ್ಲಿ ಚರಿತ್ರೆ ಇಲ್ಲ, ಬದಲಾವಣೆ ಇಲ್ಲ, ನೋಡುತ್ತಿರುವ ಯುರೋಪಿನವನೂ ಇಲ್ಲ. ಅವನು ಚೌಕಟ್ಟಿನ ಹೊರಗೆ, ನಾವು ನಿಂತ ಜಾಗದಲ್ಲೇ ನಿಂತಿದ್ದಾನೆ. ಒಡೆದ ಹಂಚನ್ನು ಸರಿಮಾಡಿಸದೆ ಹಾವಿನಾಟ ನೋಡುತ್ತ ಕೂತ ಸೋಮಾರಿ ಜನ ಇವರು ಎಂಬ ದೂರು ಮಾತ್ರ ಬಣ್ಣದೊಳಗೆ ಸದ್ದಿಲ್ಲದೆ ಸೇರಿಕೊಂಡಿದೆ.

ಅಂತಃಪುರದ ಚಿತ್ರಗಳದೂ ಇದೇ ಕಥೆ. ‘ಗ್ರಾಂದ್ ಒದಾಲಿಸ್ಕ್’ ಎಂಬ ಅಂತಃಪುರದ ಹೆಣ್ಣಿನ ಚಿತ್ರ ಬರೆದ ಫ್ರಾನ್ಸಿನ ಆಂಗ್ರ್ ಪೂರ್ವದ ಯಾವ ನಾಡಿಗೂ ಕಾಲಿಟ್ಟವನಲ್ಲ.

ಟರ್ಕಿಯ ಇಂಜಿ ಎವಿನರ್ ತಮ್ಮ ವಿಡಿಯೊಗೆ ಆರಿಸಿಕೊಂಡದ್ದು ಇಂಥ ಕಲ್ಪನೆಯ ಚಿತ್ರವನ್ನಲ್ಲ, ಅದಕ್ಕಿಂತ ಕಷ್ಟದ ಒಂದನ್ನು. ಆಂತ್ವಾನ್ ಇನ್ಯಾಸ್ ಮೆಲ್ಲಿಂಗ್ ಎಂಬ ಚಿತ್ರಕಾರ, ವಾಸ್ತುಶಿಲ್ಪಿ 18ನೇ ಶತಮಾನದ ಕೊನೆಯಲ್ಲಿ ಇಸ್ತಾನ್‌ಬುಲ್‌ನಲ್ಲಿ ವರ್ಷಗಟ್ಟಲೆ ಇದ್ದ. ಮೂರನೇ ಸಲೀಂ ಸುಲ್ತಾನನ ತಂಗಿ ಹತೀಜೆ ಸುಲ್ತಾನ್‌ಗೆ ಅರಮನೆ, ತೋಟ ಕಟ್ಟಿಕೊಟ್ಟ. 1819ರಲ್ಲಿ ಪ್ಯಾರಿಸ್ಸಿನಲ್ಲಿ ಬಂದ ಅವನ ದೊಡ್ಡ ಅಚ್ಚುಚಿತ್ರಗಳ ಪುಸ್ತಕದ ಬಗ್ಗೆ ಓರ್ಹಾನ್ ಪಾಮುಕ್ ತಮ್ಮ ‘ಇಸ್ತಾನ್‌ಬುಲ್’ ಕೃತಿಯಲ್ಲಿ ಪ್ರೀತಿಯಿಂದ ಬರೆದಿದ್ದಾರೆ. ಊರನ್ನು ಒಳಗಿನವನ ಕಣ್ಣಿಂದ ಕಂಡವನು ಎಂದೇ ಅವರು ಮೆಲ್ಲಿಂಗ್‌ನನ್ನು ನೆನೆಯುತ್ತಾರೆ. ಅದೇ ಪುಸ್ತಕದಲ್ಲಿ ಸುಲ್ತಾನನ ಜನಾನದ ಒಳನೋಟವೂ ಇದೆ. ಕಟ್ಟಡವನ್ನು ನಡುವೆ ಸೀಳಿ ತೆರೆದಂತೆ, ಅಂತಸ್ತಿನ ಮೇಲೆ ಅಂತಸ್ತು, ಕೋಣೆ ಕೋಣೆಯಲ್ಲಿ ಹೆಂಗಸರು. ದಸರೆಯ ಗೊಂಬೆ ಮೆಟ್ಟಿಲು ನೋಡಿದಂತೆ ನೋಡಬಹುದು. ಜೆರೋಮ್‌ನ ಚಪಲ ಅದರಲ್ಲಿಲ್ಲ, ಇರುವುದು ಅಳತೆ ಮತ್ತು ಶಿಸ್ತು. ಹಾಗಿದ್ದರೆ ದೂರು ಯಾವುದರ ಮೇಲೆ?

ಎವಿನರ್ 2009ರ ‘ಹರೆಮ್’ನಲ್ಲಿ ಆ ಕಟ್ಟಡವನ್ನು ಹಾಗೇ ಉಳಿಸಿಕೊಂಡು ಒಳಗಿನವರನ್ನು ಬದಲಿಸಿದರು. ಮೆಲ್ಲಿಂಗ್‌ನ ಗೊಂಬೆಗಳಂಥ ಹೆಂಗಸರು ಹೋದರು. ಅವರ ಜಾಗಕ್ಕೆ ಎವಿನರ್ ಚಿತ್ರೀಕರಿಸಿದ ಇಂದಿನ ಹೆಣ್ಣುಗಳು ಬಂದರು. ಅವರು ಏನೇನೋ ಮಾಡುತ್ತಿದ್ದಾರೆ. ಒಂದೇ ಚಲನೆ ಮತ್ತೆ ಮತ್ತೆ, ದಿನಚರಿಯೋ ಹರಕೆಯೋ ಹಠವೋ ಹೇಳಲಾಗದಂತೆ. ಕೆಲವೇ ನಿಮಿಷದ ಈ ವಿಡಿಯೊ ಮುಗಿದಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಎಷ್ಟು ಸುತ್ತು ನೋಡಿದರೂ ‘ಇವರು ಇಂಥವರು’ ಎಂದು ಹೇಳಿ ಎದ್ದು ಬರಲು ಆಗುವುದಿಲ್ಲ.

ಈ ಕೆಲಸದ ಶಕ್ತಿ ಇರುವುದು ಇಲ್ಲಿ ಎಂದು ನನ್ನ ನಂಬಿಕೆ. ಎವಿನರ್ ‘ಹರೆಮ್‌ನ ನಿಜ ಹೀಗಿತ್ತು ನೋಡಿ’ ಎಂದು ತಿದ್ದುಪಡಿ ಕೊಡುವುದಿಲ್ಲ. ಒಂದು ಸುಳ್ಳು ಚಿತ್ರದ ಜಾಗಕ್ಕೆ ಒಂದು ಸರಿಯಾದ ಚಿತ್ರ ತಂದಿಟ್ಟರೆ ಗೋಡೆಯ ಮೇಲೆ ಚೌಕಟ್ಟು ಹಾಗೇ ಉಳಿಯುತ್ತದೆ. ಮೆಲ್ಲಿಂಗ್ ಸಭ್ಯ, ಪ್ರಾಮಾಣಿಕ, ನಿಖರ. ಆದರೂ ಗೋಡೆ ಸೀಳಿ ಒಳಗಿನವರನ್ನು ಸಾಲಾಗಿ ತೋರಿಸುವ ಹಕ್ಕು ತನಗಿದೆ ಎಂದುಕೊಂಡದ್ದು ಅವನೇ. ಎವಿನರ್ ಪ್ರಶ್ನಿಸುವುದು ಆ ಹಕ್ಕನ್ನು.

ನ್ಯೂಜಿಲೆಂಡಿನ ಮಾವೊರಿ ಕಲಾವಿದೆ ಲಿಸಾ ರೈಹಾನಾ ಕೈಗೆತ್ತಿಕೊಂಡದ್ದು ಮನೆಗೋಡೆಗೆ ಅಂಟಿಸುವ ಕಾಗದ. 1804-05ರಲ್ಲಿ ಫ್ರಾನ್ಸಿನ ಮಾಕೋಂ ಎಂಬ ಊರಿನಲ್ಲಿ ಜೋಸೆಫ್ ದ್ಯುಫೂರ್‌ನ ಕಾರ್ಖಾನೆ ಝಾಂ-ಗಾಬ್ರಿಯೆಲ್ ಶಾರ್ವೆ ಬರೆದ ವಿನ್ಯಾಸದಿಂದ ಅದನ್ನು ತಯಾರಿಸಿತು. ಮರದ ಅಚ್ಚುಗಳಿಂದ ಒತ್ತಿದ 20 ಪಟ್ಟಿ, ಜೋಡಿಸಿದರೆ ಹತ್ತು ಮೀಟರಿಗೂ ಉದ್ದ. ‘ಪೆಸಿಫಿಕ್ ಸಾಗರದ ಕಾಡುಜನ’ ಎಂದು ಅದರ ಹೆಸರು. ಯುರೋಪಿನ ಉಳ್ಳವರು ಊಟದ ಕೋಣೆಗೆ, ಬೈಠಕ್‌ಖಾನೆಗೆ ಹಚ್ಚಿಸಿಕೊಂಡರು. ಕ್ಯಾಪ್ಟನ್ ಕುಕ್ ಮತ್ತಿತರ ನಾವಿಕರ ಪ್ರವಾಸಕಥನ ಓದಿ ಬರೆದ ಚಿತ್ರ ಅದು. ತಹಿತಿ, ಟೊಂಗಾ, ಹವಾಯಿ, ನ್ಯೂಜಿಲೆಂಡ್ ಎಲ್ಲವೂ ಒಂದೇ ತೋಟದಲ್ಲಿ ಅಕ್ಕಪಕ್ಕ ನಿಂತಿವೆ. ಸಾವಿರಾರು ಮೈಲಿ ಸಮುದ್ರ ಮಾಯ. ಜನರ ಮೈಮೇಲೆ ಹಳೆಯ ಗ್ರೀಸಿನ ಶಿಲ್ಪಗಳ ನಿರಿಗೆ, ಮುಖದಲ್ಲಿ ಯುರೋಪಿನ ಮೂಗು. 1779ರ ಫೆಬ್ರುವರಿ 14ರಂದು ಹವಾಯಿಯಲ್ಲಿ ಕುಕ್ ಸತ್ತದ್ದು ಎಲ್ಲೋ ದೂರದ ದಡದಲ್ಲಿ ಚಿಕ್ಕದಾಗಿ ಕಾಣುತ್ತದೆ. ಊಟಕ್ಕೆ ಕೂತವರ ಕಣ್ಣಿಗೆ ತೊಂದರೆಯಾಗದಷ್ಟು ಚಿಕ್ಕದಾಗಿ.

ತನ್ನ ಜನ ಎಂದು ಬರೆದ ಆ ಚಿತ್ರದಲ್ಲಿ ರೈಹಾನಾಗೆ ತನ್ನ ಜನ ಒಬ್ಬರೂ ಕಾಣಲಿಲ್ಲ. ವರ್ಷಗಳ ದುಡಿಮೆಯ ನಂತರ 2015ರಲ್ಲಿ ಆಕ್ಲೆಂಡ್ ಕಲಾ ಗ್ಯಾಲರಿಯಲ್ಲಿ, ಆಮೇಲೆ 2017ರ ವೆನಿಸ್ ಬಿನಾಲೆಯಲ್ಲಿ ತೋರಿಸಿದ ‘ಇನ್ ಪರ್ಸ್ಯೂಟ್ ಆಫ್ ವೀನಸ್ [ಇನ್ಫೆಕ್ಟೆಡ್]’ ಆ ಗೋಡೆಕಾಗದವನ್ನು ಸುಮಾರು 25 ಮೀಟರ್ ಅಗಲದ ಚಲಿಸುವ ಪರದೆಯಾಗಿಸಿತು. ವೆನಿಸ್ಸಿನಲ್ಲಿ ಅದರ ಅವಧಿ ಒಂದು ಗಂಟೆಗೂ ಹೆಚ್ಚು. ಶಾರ್ವೆಯ ಬೆಟ್ಟ, ಮರ, ನೀರು ಹಾಗೇ ಇವೆ, ನಿಧಾನವಾಗಿ ಬಲದಿಂದ ಎಡಕ್ಕೆ ಸರಿಯುತ್ತಿವೆ. ಅದರೊಳಗೆ ಮಾವೊರಿ, ಪೆಸಿಫಿಕ್ ದ್ವೀಪಗಳ ಮತ್ತು ಆಸ್ಟ್ರೇಲಿಯದ ಮೂಲನಿವಾಸಿ ಕಲಾವಿದರು ಕುಣಿಯುತ್ತಾರೆ, ಹಚ್ಚೆ ಹಾಕಿಸಿಕೊಳ್ಳುತ್ತಾರೆ, ಸರಕು ಬದಲಾಯಿಸಿಕೊಳ್ಳುತ್ತಾರೆ, ಸತ್ತವರಿಗಾಗಿ ಅಳುತ್ತಾರೆ. ಹಸಿರು ಪರದೆಯ ಮುಂದೆ ಚಿತ್ರೀಕರಿಸಿ ಆ ಕಾಗದದ ತೋಟದೊಳಗೆ ಕೂರಿಸಿದ ದೃಶ್ಯಗಳು ಎಪ್ಪತ್ತಕ್ಕೂ ಹೆಚ್ಚು. ಬಿಳಿಯ ನಾವಿಕರೂ ಈಗ ಚೌಕಟ್ಟಿನ ಹೊರಗಿಲ್ಲ, ಒಳಗಿದ್ದಾರೆ. ಚಾಟಿಯೇಟು, ಕೈಕೈ ಮಿಲಾಯಿಸುವುದು, ಗುಂಡು, ಎಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ಕುಕ್‌ನ ಸಾವು ದೂರದ ಚುಕ್ಕೆಯಾಗಿ ಉಳಿದಿಲ್ಲ.

ಹೆಸರಿನ ಒಳಗೇ ಒಂದು ಗಾಯವಿದೆ. 1769ರಲ್ಲಿ ಕುಕ್ ತಹಿತಿಗೆ ಹೋದದ್ದು ಶುಕ್ರಗ್ರಹ ಸೂರ್ಯನನ್ನು ಹಾಯುವುದನ್ನು ಅಳೆಯಲಿಕ್ಕೆ. ಶುಕ್ರನನ್ನು ಅರಸಿ ಬಂದ ಹಡಗುಗಳು ಬಿಟ್ಟುಹೋದದ್ದು ಲೈಂಗಿಕ ರೋಗಗಳನ್ನು. ಹೆಸರಿನ ‘ಪರ್ಸ್ಯೂಟ್ ಆಫ್ ವೀನಸ್’ ಭಾಗದ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿದರೆ ‘ಪಿಒವಿ’. ಸಿನಿಮಾದವರ ಮಾತಿನಲ್ಲಿ ಅದಕ್ಕೆ ‘ಯಾರ ಕಣ್ಣಿಂದ’ ಎಂದು ಅರ್ಥ.

ರೈಹಾನಾರ ಕೆಲಸದ ಜೊತೆಗೆ ನನಗೆ ತುಪಾಯಾ ನೆನಪಾಗುತ್ತಾನೆ. ರಾಯಿಆತೆಯಾ ದ್ವೀಪದ ಪೂಜಾರಿ, ಸಮುದ್ರದ ದಾರಿ ಬಲ್ಲವನು. ಕುಕ್‌ನ ಹಡಗು ಹತ್ತಿ ನ್ಯೂಜಿಲೆಂಡಿನವರೆಗೂ ದುಭಾಷಿಯಾಗಿ ಬಂದ. ಹಡಗಿನಲ್ಲಿ ಜಲವರ್ಣದ ಚಿತ್ರ ಬರೆಯುವುದನ್ನು ಕಲಿತ. ಒಬ್ಬ ಮಾವೊರಿ ಮತ್ತು ಒಬ್ಬ ಇಂಗ್ಲಿಷಿನವ ಎದುರುಬದುರಾಗಿ ನಿಂತು ಸಿಗಡಿ ಜಾತಿಯ ದೊಡ್ಡ ಕ್ರೇಫಿಶ್ ಒಂದನ್ನೂ ಬಟ್ಟೆಯ ತುಂಡನ್ನೂ ವಿನಿಮಯ ಮಾಡಿಕೊಳ್ಳುವ ಚಿತ್ರ ಅವನದೇ. ಅದನ್ನು ಬರೆದ ಕೈ ತುಪಾಯಾನದು ಎಂದು ಗೊತ್ತಾದದ್ದು 1990ರ ದಶಕದಲ್ಲಿ, ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನ ಪತ್ರವೊಂದರಿಂದ. ಅಲ್ಲಿಯವರೆಗೆ ಯಾರೋ ಯುರೋಪಿನವನದೇ ಇರಬೇಕೆಂದು ತಿಳಿದಿದ್ದರು. ಆ ಚಿತ್ರದಲ್ಲಿ ಇಬ್ಬರೂ ಸಮಸಮ ನಿಂತಿದ್ದಾರೆ, ಇಬ್ಬರೂ ತಮ್ಮ ಸರಕನ್ನು ಬಿಗಿಯಾಗಿ ಹಿಡಿದಿದ್ದಾರೆ. ತುಪಾಯಾ 1770ರ ಡಿಸೆಂಬರಿನಲ್ಲಿ ಬಟಾವಿಯಾದಲ್ಲಿ ಕಾಯಿಲೆಯಿಂದ ಸತ್ತ. ಮೂವತ್ತೈದು ವರ್ಷದ ಮೇಲೆ ಮಾಕೋಂನಲ್ಲಿ ಗೋಡೆಕಾಗದ ಅಚ್ಚಾಯಿತು.

ನಿಂತ ಚಿತ್ರದ ಮಾತಾಯಿತು. ಚಲಿಸುವ ಚಿತ್ರವೇ ಅಚ್ಚು ಹೊಯ್ದಾಗ? ಹಾಲಿವುಡ್ ಅರಬರಿಗೆ ಮಾಡಿದ್ದು ಅದನ್ನೇ. ಕಲಾವಿದರಾದ ಜೇಸ್ ಸಲೂಮ್ ಮತ್ತು ಎಲಿಯಾ ಸುಲೈಮಾನ್ 1990ರ ‘ಇಂಟ್ರೊಡಕ್ಷನ್ ಟು ದಿ ಎಂಡ್ ಆಫ್ ಆ್ಯನ್ ಆರ್ಗ್ಯುಮೆಂಟ್’ನಲ್ಲಿ ಸಿನಿಮಾ, ಟಿವಿ ವಾರ್ತೆಗಳ ತುಣುಕು ಕತ್ತರಿಸಿ, ಮತ್ತೆ ಮತ್ತೆ ಓಡಿಸಿ, ಪ್ಯಾಲೆಸ್ಟೀನಿನಲ್ಲಿ ತಾವೇ ಚಿತ್ರೀಕರಿಸಿದ ಬೀದಿಗಳ ಪಕ್ಕದಲ್ಲಿಟ್ಟರು. ಒಂಟೆ, ಕತ್ತಿ, ಹೊಟ್ಟೆ ಕುಣಿಸುವ ಹೆಣ್ಣು, ಬಾಂಬು. ನಲವತ್ತು ನಿಮಿಷ ಎಡೆಬಿಡದೆ ನೋಡಿದಾಗ, ಒಬ್ಬೊಬ್ಬ ನಿರ್ದೇಶಕನ ತಪ್ಪಾಗಿ ಕಂಡಿದ್ದು ಇಡೀ ಒಂದು ಉದ್ಯಮದ ಅಭ್ಯಾಸವಾಗಿ ಕಾಣುತ್ತದೆ. ಈಜಿಪ್ಟಿನ ವಾಯಿಲ್ ಶೌಕಿ ಇನ್ನೊಂದು ದಾರಿ ಹಿಡಿದರು. ಅಮೀನ್ ಮಾಲೂಫ್ ಅರಬ್ ಮೂಲಗಳಿಂದ ಬರೆದ ಧರ್ಮಯುದ್ಧಗಳ ಚರಿತ್ರೆಯನ್ನು ‘ಕ್ಯಾಬರೆ ಕ್ರುಸೇಡ್ಸ್’ ಎಂಬ ಮೂರು ಭಾಗದ ಚಿತ್ರವಾಗಿಸಿದರು, ಪೂರ್ತಿ ಸೂತ್ರದ ಗೊಂಬೆಗಳಲ್ಲಿ. 2010ರ ಮೊದಲ ಭಾಗಕ್ಕೆ ಇಟಲಿಯ ಟ್ಯೂರಿನ್‌ನ ಇನ್ನೂರು ವರ್ಷ ಹಳೆಯ ಮರದ ಗೊಂಬೆಗಳನ್ನು ಬಳಸಿದರು. ಯುರೋಪಿನ ಗೊಂಬೆಗಳ ಬಾಯಲ್ಲಿ ಶಾಸ್ತ್ರೀಯ ಅರಬ್ಬಿ. ಸೂತ್ರ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಗೊಂಬೆಯಾಟ ನೋಡಿ ಬೆಳೆದ ನಮಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ಕಷ್ಟದ ಪ್ರಶ್ನೆಯನ್ನು ಮುಚ್ಚಿಡಲಾರೆ. ಅಚ್ಚನ್ನು ಮುರಿಯಲು ಹೊರಟ ಕಲಾಕೃತಿಯೇ ಅಚ್ಚಿಗೆ ಇನ್ನೊಂದು ಪ್ರತಿ ಕೊಟ್ಟುಬಿಟ್ಟರೆ? ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಿರೀನ್ ನೆಶಾತ್ ಮೇಲೆ ಈ ದೂರು ಉದ್ದಕ್ಕೂ ಇದೆ. ಕಪ್ಪು ಚಾದರ, ಬಂದೂಕು, ಮೈಮೇಲೆ ಪಾರಸಿ ಅಕ್ಷರಗಳಿರುವ ಅವರ 1990ರ ದಶಕದ ಫೋಟೊಗಳು ಪಾಶ್ಚಾತ್ಯ ಗ್ಯಾಲರಿಗಳಿಗೆ ಬೇಕಾದ ಪೂರ್ವವನ್ನೇ ಒದಗಿಸಿದವು ಎನ್ನುತ್ತಾರೆ. ಆ ಫೋಟೊಗಳ ಮಟ್ಟಿಗೆ ದೂರಿನಲ್ಲಿ ಹುರುಳಿದೆ ಎಂದೇ ನನಗೂ ಅನಿಸುತ್ತದೆ. ಆದರೆ 1998ರ ‘ಟರ್ಬ್ಯುಲೆಂಟ್’ ವಿಡಿಯೊ ಬೇರೆ. ಎದುರುಬದುರು ಎರಡು ಪರದೆ. ಒಂದರಲ್ಲಿ ತುಂಬಿದ ಸಭೆಗೆ ಗಂಡಸು ಹಾಡುತ್ತಾನೆ, ಚಪ್ಪಾಳೆ ಬೀಳುತ್ತದೆ. ಇನ್ನೊಂದರಲ್ಲಿ ಖಾಲಿ ಕುರ್ಚಿಗಳ ಮುಂದೆ ಒಬ್ಬ ಹೆಂಗಸು. ಕ್ರಾಂತಿಯ ನಂತರದ ಇರಾನಿನಲ್ಲಿ ಹೆಣ್ಣು ಗಂಡಸರ ಸಭೆಯಲ್ಲಿ ಒಬ್ಬಳೇ ಹಾಡುವಂತಿಲ್ಲ. ಆಕೆ ಬಾಯಿ ತೆರೆದಾಗ ಬರುವುದು ಮಾತಿಲ್ಲದ ಹಾಡು. ಉಸಿರು, ಚೀರು, ಗುನುಗು. ಎದುರು ಪರದೆಯ ಗಂಡಸು ಕದಲದೆ ನಿಂತು ಕೇಳುತ್ತಾನೆ. ನೋಡುವವರು ನಡುವೆ ನಿಂತು ಯಾವ ಕಡೆ ತಿರುಗಬೇಕೆಂದು ತಾವೇ ನಿರ್ಧರಿಸಬೇಕು. ಆ ದನಿಯನ್ನು ಯಾವ ಪೋಸ್ಟ್‌ಕಾರ್ಡೂ ಹಿಡಿಯಲಾರದು.

ಮೋನಾ ಹತೂಮ್‌ರ ‘ಮೆಷರ್ಸ್ ಆಫ್ ಡಿಸ್ಟೆನ್ಸ್’ (1988) ನನಗೆ ಇವೆಲ್ಲಕ್ಕಿಂತ ಹತ್ತಿರದ್ದು. ಹದಿನೈದು ನಿಮಿಷ. ಬೈರೂತಿನಲ್ಲಿ ಸ್ನಾನ ಮಾಡುತ್ತಿರುವ ತಾಯಿಯ ಚಿತ್ರಗಳು, ಅವುಗಳ ಮೇಲೆ ತಾಯಿಯದೇ ಅರಬ್ಬಿ ಕೈಬರಹದ ಸಾಲುಗಳು. ಲಂಡನ್ನಿಗೆ ಬಂದಿದ್ದಾಗ ಊರಿನಲ್ಲಿ ಯುದ್ಧ ಶುರುವಾಗಿ ಲಂಡನ್ನಿನಲ್ಲೇ ಉಳಿಯಬೇಕಾದ ಮಗಳು, ಅಂದರೆ ಹತೂಮ್, ತಾಯಿಯ ಆ ಪತ್ರಗಳನ್ನು ಇಂಗ್ಲಿಷಿನಲ್ಲಿ ಓದುತ್ತಾಳೆ. ಹಿನ್ನೆಲೆಯಲ್ಲಿ ತಾಯಿ ಮಗಳು ಅರಬ್ಬಿಯಲ್ಲಿ ಹರಟೆ ಹೊಡೆದು ನಗುವ ಸದ್ದು. ಸ್ನಾನದ ಮನೆಯ ಪೂರ್ವದ ಹೆಣ್ಣು ಯುರೋಪಿನ ಚಿತ್ರಕಾರರ ಮೆಚ್ಚಿನ ವಸ್ತುವಾಗಿದ್ದಳು. ಇಲ್ಲಿ ಆಕೆ ಒಬ್ಬಳ ಅಮ್ಮ, ಮೈಯ ಬಗ್ಗೆ, ಗಂಡನ ಸಿಟ್ಟಿನ ಬಗ್ಗೆ, ಬಿಟ್ಟುಬಂದ ಪ್ಯಾಲೆಸ್ಟೀನಿನ ಬಗ್ಗೆ ಮಗಳಿಗೆ ಬರೆಯುವವಳು. ಅಕ್ಷರಗಳ ಪರದೆ ಸರಿಸಿ ನೋಡುವ ಹಕ್ಕು ನಮಗಿಲ್ಲ.

ಅಚ್ಚು ಹೊಯ್ಯುವವರು ಹೊರಗಿನವರು ಮಾತ್ರ ಎಂದುಕೊಳ್ಳುವುದು ಸುಲಭ. ಮದ್ರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಜನರ ಮೂಗು, ತಲೆ ಅಳೆದು 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟ ತಂದ. ಕನ್ನಡ ನಾಡಿನ ಜನರೂ ಅದರಲ್ಲಿದ್ದಾರೆ. ಆ ಅಳತೆಪಟ್ಟಿಗೆ ಬೆಂಗಳೂರಿನ ಪುಷ್ಪಮಾಲಾ ಎನ್. ಕೊಟ್ಟ ಉತ್ತರ ಕನ್ನಡಿಗರೆಲ್ಲ ನೋಡಬೇಕಾದದ್ದು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ವಿಡಿಯೊ ಅಲ್ಲ, ಫೋಟೊ ಸರಣಿ. ತೋಡ ಹೆಣ್ಣು, ರವಿವರ್ಮನ ಲಕ್ಷ್ಮಿ, ಬಿಜಾಪುರದ ಆದಿಲ್‌ಶಾಹಿ ಚಿತ್ರದ ಯೋಗಿನಿ, ಪತ್ರಿಕೆಯಲ್ಲಿ ಬಂದ ಬಂಧಿತ ಹೆಂಗಸು, ಎಲ್ಲವೂ ಪುಷ್ಪಮಾಲಾ ಅವರೇ. ಚೌಕಳಿ ಪರದೆ, ಅಳತೆಯ ಕಡ್ಡಿ, ನಂಬರಿನ ಹಲಗೆಯ ನಡುವಿನಿಂದ ಒಬ್ಬಳೇ ಹೆಣ್ಣು ಹತ್ತು ‘ಜಾತಿ’ಯಾಗಿ ನಮ್ಮನ್ನು ನೋಡುತ್ತಾಳೆ. ಬ್ರಿಟಿಷರ ಕ್ಯಾಮೆರಾ, ನಮ್ಮದೇ ಕ್ಯಾಲೆಂಡರ್, ನಮ್ಮದೇ ಸಿನಿಮಾ, ಯಾವುದಕ್ಕೂ ಅವರು ರಿಯಾಯಿತಿ ಕೊಟ್ಟಿಲ್ಲ.

ನಾನೂ ಅಚ್ಚಿನ ಒಳಗೆ ನಿಂತಿದ್ದೇನೆ. ಆರನೇ ತರಗತಿ, ಶಾಲೆಯ ವಾರ್ಷಿಕೋತ್ಸವ, ‘ವಿವಿಧತೆಯಲ್ಲಿ ಏಕತೆ’ ಎಂಬ ರೂಪಕ. ನನ್ನದು ಲಂಬಾಣಿ ಹೆಣ್ಣಿನ ವೇಷ. ನಮ್ಮ ತರಗತಿಯಲ್ಲಿ ತಾಂಡಾದಿಂದ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಮೇಷ್ಟ್ರು ಹೇಳಿದರೆಂದು ಅವಳು ತನ್ನ ತಾಯಿಯ ಪೇಟಿಯಾ, ಕಾಂಚಳಿ, ದಂತದ ಬಳೆಗಳನ್ನು ಗಂಟು ಕಟ್ಟಿ ತಂದುಕೊಟ್ಟಳು. ಹೇಗೆ ಉಡಬೇಕೆಂದು ಪರದೆಯ ಹಿಂದೆ ಅವಳೇ ತೋರಿಸಿಕೊಟ್ಟಳು. ಆಮೇಲೆ ಹೋಗಿ ಸಮವಸ್ತ್ರದಲ್ಲಿ ಸಭೆಯ ನಡುವೆ ಕೂತುಕೊಂಡಳು. ವೇದಿಕೆಯ ಮೇಲೆ ಸೊಂಟಕ್ಕೆ ಕೈಯಿಟ್ಟು, ಕದಲದೆ, ನಗುತ್ತ ನಿಂತದ್ದು ನಾನು. ಅವಳಿಗೆ ಹಾಡು ಬರುತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಲಾನಿಯವರ ವಿಡಿಯೊದ ಹೆಸರು ಓದಿದಾಗ ಮೊದಲು ಕಣ್ಣಿಗೆ ಬಂದದ್ದು ಅವಳ ಮುಖ.

ಈಚೆಗೆ ಶ್ರೀರಂಗಪಟ್ಟಣಕ್ಕೆ ಹೋದಾಗಲೆಲ್ಲ ಒಂದು ಆಸೆ ಬಲವಾಗುತ್ತದೆ. 1799ರ ಮೇ 4ರಂದು ಬ್ರಿಟಿಷರ ದಾಳಿಗೆ ಅಲ್ಲಿನ ಕೋಟೆ ಬಿತ್ತು. ಮರುವರ್ಷವೇ ಲಂಡನ್ನಿನ ಲೈಸಿಯಂನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಹರೆಯದ ಚಿತ್ರಕಾರ 120 ಅಡಿ ಉದ್ದದ ಪಟವೊಂದರಲ್ಲಿ ಆ ದಾಳಿಯನ್ನು ಬರೆದು ತೋರಿಸಿದ. ಬರೆಯಲು ಹಿಡಿದದ್ದು ಆರು ವಾರ. ಅವನು ಕಾವೇರಿಯನ್ನು ಕಂಡವನಲ್ಲ. ದುಡ್ಡು ಕೊಟ್ಟು ಒಳಗೆ ಬಂದ ಜನ ಅರ್ಧಚಂದ್ರದಂತೆ ಬಾಗಿದ ಪಟದ ಮುಂದೆ ನಿಂತು ಮೈಸೂರನ್ನು ಕಂಡೆವೆಂದುಕೊಂಡರು. ದ್ಯುಫೂರ್‌ನ ಗೋಡೆಕಾಗದಕ್ಕಿಂತ ನಾಲ್ಕೈದು ವರ್ಷ ಹಿಂದಿನ ಮಾತು ಇದು. ಮೂಲ ಪಟ ಉಳಿದಿಲ್ಲ. ವೆಂಡ್ರಮಿನಿ ಎಂಬವನು ಅದರಿಂದ ಮಾಡಿದ ಅಚ್ಚುಚಿತ್ರಗಳು ಉಳಿದಿವೆ. ಇತ್ತ ಶ್ರೀರಂಗಪಟ್ಟಣದ ಅರಮನೆ ದರಿಯಾ ದೌಲತ್‌ನ ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗವಿದೆ. ಸೋತ ಕುಂಪಣಿಯ ಕರ್ನಲ್ ಬೇಯ್ಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚಿ ಕೂತಿದ್ದಾನೆ, ಸುತ್ತ ಕೆಂಪಂಗಿಯ ಸೈನಿಕರು ಒಂದೇ ಮುಖದ ಸಾಲು ಸಾಲು. ಎದುರಾಳಿಗೆ ನಾವೂ ಒಂದೇ ಮುಖ ಕೊಟ್ಟಿದ್ದೇವೆ.

ಈ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ರೈಹಾನಾ ಮಾಡಿದಂತೆ, ನಮ್ಮ ಹುಡುಗ ಹುಡುಗಿಯರು ಯಾರಾದರೂ ಕದಲಿಸಬೇಕು. ಪಟದಲ್ಲಿ ಜಾಗ ಸಿಗದವರೆಲ್ಲ ಬರಬೇಕು: ಫಿರಂಗಿ ಎಳೆದ ಎತ್ತಿನವರು, ಬಾಣದ ಪಡೆಯವರು, ಕುಂಪಣಿ ಕಡೆಯಿಂದ ಬಂದ ಮದ್ರಾಸಿನ ಸಿಪಾಯಿಗಳು, ಊರು ಬಿಟ್ಟು ಓಡಿದ ತಾಯಂದಿರು. ಶುರುವಾಗಬೇಕಾದದ್ದು ದಾಳಿಗೂ ಮುಂಚೆ. ಬೇಸಗೆಯ ಕೊನೆಯಾದ್ದರಿಂದ ಕಾವೇರಿಯಲ್ಲಿ ನೀರು ಇಳಿದಿತ್ತು. ಮಧ್ಯಾಹ್ನ ಒಂದರ ಹೊತ್ತಿಗೆ ದಾಳಿಕೋರರು ಹೊಳೆಯನ್ನು ಕಾಲ್ನಡಿಗೆಯಲ್ಲೇ ದಾಟಿ ಕೋಟೆಯ ಬಿರುಕಿಗೆ ನುಗ್ಗಿದರು. ಮಳೆಗಾಲ ಬಂದರೆ ಹೊಳೆ ದಾಟಲಾಗದೆಂದು ಅವರಿಗೆ ಅಷ್ಟು ಆತುರ. ಪೋರ್ಟರ್‌ನ ಪಟ ಆ ಒಂದು ಮಧ್ಯಾಹ್ನದಲ್ಲೇ ನಿಂತುಬಿಟ್ಟಿತು. ನಮ್ಮ ವಿಡಿಯೊ ಅಲ್ಲಿ ನಿಲ್ಲದೆ ಓಡಲಿ. ಕೂಗು ಅಡಗಿ, ರಾತ್ರಿಯಾಗಿ, ಬೆಳಗಾಗಿ, ದಿನಗಳು ಉರುಳಿ, ಕೊಡಗಿನ ಮಳೆಯ ಕೆಂಪು ನೀರು ಪರದೆಯ ಎಡತುದಿಯಿಂದ ಒಳಗೆ ಬರಲಿ, ದಾಟಿದವರ ಹೆಜ್ಜೆಗಳಿದ್ದ ಬಂಡೆಗಳ ಮೇಲೆ ಏರಲಿ.